ಜೈಲಿನಿಂದ ಮನೆಗೆ ಬಂದವರಿಗೆ 14416 ಮತ್ತು ಮಂಗಳವಾರದ ಕ್ಲಿನಿಕ್: ಎಲ್ಲಿ ಕೈ ಹಿಡಿಯುತ್ತವೆ, ಎಲ್ಲಿ ಬಿಡುತ್ತವೆ

ಜೈಲಿನಿಂದ ಹೊರಬಂದವರ ಮನಸ್ಸಿನ ಆರೋಗ್ಯಕ್ಕೆಂದೇ ಊರೂರಿನಲ್ಲಿ ಸಿಗುವ ಪ್ರತ್ಯೇಕ ಸೇವೆ ನಮ್ಮಲ್ಲಿಲ್ಲ. ಇರುವುದು ಎಲ್ಲರಿಗೂ ಇರುವ ಸರ್ಕಾರಿ ವ್ಯವಸ್ಥೆಯೇ. ಫೋನಿನಲ್ಲಿ ಟೆಲಿ ಮಾನಸ್ ಎಂಬ 14416ರ ಮಾನಸಿಕ ಆರೋಗ್ಯ ಸಹಾಯವಾಣಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್, ಇವುಗಳ ಹಿಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ಬೇಲ್ ಮೇಲೋ ಶಿಕ್ಷೆ ಮುಗಿಸಿಯೋ ಮನೆಗೆ ಬಂದವರ ಅಗತ್ಯಕ್ಕೆ ಇವೆಲ್ಲ ಎಷ್ಟು ಒದಗುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಅಂಕ ಕೊಡಲೇಬೇಕೆಂದರೆ, ರಾತ್ರಿ ಎರಡು ಗಂಟೆಗೆ ಕನ್ನಡದಲ್ಲಿ ಮಾತಾಡಲು ಒಬ್ಬರು ಸಿಗುತ್ತಾರೆ ಎಂಬುದಕ್ಕೆ ಐದಕ್ಕೆ ನಾಲ್ಕು. ಒಳಗೆ ಶುರುವಾದ ಚಿಕಿತ್ಸೆ ಹೊರಗೂ ತಪ್ಪದೆ ಮುಂದುವರಿಯುವಂತೆ ನೋಡಿಕೊಳ್ಳುವುದಕ್ಕೆ ಐದಕ್ಕೆ ಎರಡು. ಅಂಕ ಕಳೆಯುವುದು ಫೋನೂ ಅಲ್ಲ, ವೈದ್ಯರೂ ಅಲ್ಲ. ಜೈಲಿನ ಗೇಟಿಗೂ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೂ ನಡುವೆ ಒಂದು ಔಷಧಿ ಚೀಟಿ ಕಾಣೆಯಾಗುತ್ತದೆ, ಆ ಚೀಟಿಯ ಜವಾಬ್ದಾರಿ ಯಾರ ತಲೆಗೂ ಬರುವುದಿಲ್ಲ.

ಸಮಸ್ಯೆ ಸಣ್ಣದಲ್ಲ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿತು. ಮದ್ಯ, ತಂಬಾಕು, ಮಾದಕ ವಸ್ತುಗಳ ಲೆಕ್ಕವನ್ನು ಬದಿಗಿಟ್ಟ ಮೇಲೂ ಕಾಲು ಭಾಗಕ್ಕಿಂತ ಹೆಚ್ಚು ಜನರಲ್ಲಿ ಗುರುತಿಸಬಹುದಾದ ಮಾನಸಿಕ ತೊಂದರೆ ಇತ್ತು. ಇವರೆಲ್ಲ ಒಂದಲ್ಲ ಒಂದು ದಿನ ಯಾವುದೋ ಬಸ್ಸಿನಿಂದ ಇಳಿದು ಮನೆಯ ಕಡೆ ನಡೆಯುವವರೇ.

ಫೋನ್ ಸೇವೆ ಹೇಗಿದೆ

ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ. ಕೇಂದ್ರ ಸರ್ಕಾರದ ಯೋಜನೆಯಾದರೂ ಇದರ ಬೇರು ಬೆಂಗಳೂರಿನಲ್ಲಿದೆ: ವೈದ್ಯಕೀಯ ಉಸ್ತುವಾರಿ ನಿಮ್ಹಾನ್ಸ್‌ನದು, ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. 14416ಕ್ಕೆ ಕರೆ ಮಾಡಬೇಕು. ಆ ನಂಬರ್ ಹತ್ತದಿದ್ದರೆ 1800-891-4416 ಇದೆ. ದಿನದ 24 ಗಂಟೆಯೂ ನಡೆಯುತ್ತದೆ, ಹಣ ಕೊಡಬೇಕಿಲ್ಲ. ಮೊದಲು ಧ್ವನಿಮುದ್ರಿತ ಸೂಚನೆ ಬರುತ್ತದೆ, ಭಾಷೆ ಆರಿಸಿಕೊಂಡ ಮೇಲೆ ಆಪ್ತಸಮಾಲೋಚಕರಿಗೆ ಕರೆ ಹೋಗುತ್ತದೆ. ಒಟ್ಟು 20 ಭಾಷೆಗಳಿವೆ, ಹಾಗಾಗಿ ಬೆಳಗಾವಿಯ ಮರಾಠಿ ಮನೆಯವರಿಗೂ ಬಳ್ಳಾರಿಯ ತೆಲುಗು ಮನೆಯವರಿಗೂ ತೊಡಕಿಲ್ಲ. ಕನ್ನಡವೂ ಆ ಪಟ್ಟಿಯಲ್ಲಿ ಇರುವುದರಿಂದ ಪುಣೆಯಲ್ಲೋ ಗೋವಾದಲ್ಲೋ ಕೂಲಿಗೆ ಹೋಗಿ ಅಲ್ಲಿಯೇ ಜೈಲು ಕಂಡು ಬಂದವರಿಗೂ ಇದು ದಕ್ಕುತ್ತದೆ.

ಕರೆ ಮಾಡುವವರು ತೊಂದರೆಯಲ್ಲಿರುವ ವ್ಯಕ್ತಿಯೇ ಆಗಬೇಕಿಲ್ಲ. ನಮ್ಮ ವಿಷಯದಲ್ಲಿ ಇದೇ ದೊಡ್ಡ ಅನುಕೂಲ. ಬಿಡುಗಡೆಯಾಗಿ ಬಂದ ಗಂಡಸು ‘ನನಗೇನೂ ಆಗಿಲ್ಲ’ ಎನ್ನುವುದು ಮಾಮೂಲು. ಮೊದಲ ಕರೆ ಬರುವುದು ಹೆಂಡತಿಯಿಂದ, ತಾಯಿಯಿಂದ, ಇಲ್ಲವೇ ಶ್ಯೂರಿಟಿ ಹಾಕಿದ ಭಾವಮೈದುನನಿಂದ. ಏನು ಮಾತಾಡಬೇಕು, ಏನು ಮಾತಾಡಬಾರದು ಎಂಬುದನ್ನು ಅವರು ಕೇಳಿ ತಿಳಿದುಕೊಂಡರೂ ಅರ್ಧ ಕೆಲಸ ಆದಂತೆ.

ಆದರೆ ಕರೆ ಮಾಡುವ ರೀತಿ ಗೊತ್ತಿರಬೇಕು. ‘ಮನಸ್ಸಿಗೆ ಬೇಜಾರು’ ಎಂದಷ್ಟೇ ಹೇಳಿದರೆ ಸಿಗುವುದು ಸಾಮಾನ್ಯ ಸಮಾಧಾನ. ಮೊದಲ ಎರಡು ವಾಕ್ಯದಲ್ಲೇ ನಾಲ್ಕು ವಿಷಯ ಬಂದುಬಿಡಬೇಕು. ಎಷ್ಟು ತಿಂಗಳು ಒಳಗಿದ್ದರು ಮತ್ತು ಹೊರಬಂದು ಎಷ್ಟು ದಿನವಾಯಿತು, ಒಳಗೆ ಮಾತ್ರೆ ಅಥವಾ ಸೂಜಿ ನಡೆಯುತ್ತಿತ್ತೇ, ಈಗ ನಿದ್ದೆ ಎಷ್ಟು ಗಂಟೆ, ಸಾಯುವ ಮಾತು ಬಂದಿದೆಯೇ. ಮೊದಲ ಹಂತದಲ್ಲಿ ಮಾತಾಡುವವರು ಆಪ್ತಸಮಾಲೋಚಕರು, ಅವರು ಔಷಧಿ ಬರೆಯುವವರಲ್ಲ. ಔಷಧಿಯ ಪ್ರಶ್ನೆ ಇದ್ದರೆ ‘ಮನೋವೈದ್ಯರಿಗೆ ಕರೆ ವರ್ಗಾಯಿಸಿ’ ಎಂದು ನೀವೇ ಬಾಯಿಬಿಟ್ಟು ಕೇಳಿ. ಪ್ರತಿ ಕರೆಗೂ ಅದೇ ವ್ಯಕ್ತಿ ಸಿಗುತ್ತಾರೆಂಬ ಖಾತರಿ ಇಲ್ಲದ್ದರಿಂದ ಮೇಲಿನ ನಾಲ್ಕು ವಿಷಯವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮತ್ತೆ ಮತ್ತೆ ಕಥೆ ಹೇಳುವ ಹಿಂಸೆ ತಪ್ಪುತ್ತದೆ.

ವಿಡಿಯೊ ಸಮಾಲೋಚನೆಯನ್ನು 2024ರಲ್ಲಿ ಸೇರಿಸಿದರು, ಜೊತೆಗೆ ಒಂದು ಆ್ಯಪ್ ಕೂಡ ಬಂತು. ಆ್ಯಪ್ ಕೆಟ್ಟದ್ದಲ್ಲ, ಆದರೆ ಹೊಸದಾಗಿ ಬಿಡುಗಡೆಯಾದವರ ಕೈಯಲ್ಲಿ ಸ್ಮಾರ್ಟ್‌ಫೋನೇ ಇರುವುದಿಲ್ಲ. ಬಂಧನದ ಹೊತ್ತಿನಲ್ಲಿ ಜಪ್ತಿಯಾದ ಫೋನ್ ಮುದ್ದೆಮಾಲಾಗಿ ಕೋರ್ಟಿನಲ್ಲಿ ಕೂತಿರುತ್ತದೆ, ರೀಚಾರ್ಜ್ ಇಲ್ಲದ ಸಿಮ್ ಎಂದೋ ಸತ್ತಿರುತ್ತದೆ. ಆ ಸಿಮ್‌ಗೆ ಆಧಾರ್ ಜೋಡಣೆಯಾಗಿದ್ದರೆ ಓಟಿಪಿ ಬಾರದು, ಓಟಿಪಿ ಬಾರದಿದ್ದರೆ ಬ್ಯಾಂಕಿನಿಂದ ಹಿಡಿದು ಆಯುಷ್ಮಾನ್ ಕಾರ್ಡಿನವರೆಗೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಮನೋವೈದ್ಯರಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಮೊದಲ ತಿಂಗಳ ಚಡಪಡಿಕೆಯಲ್ಲಿ ಎಷ್ಟೋ ಪಾಲು ಇಂಥ ಕೌಂಟರುಗಳ ಮುಂದೆಯೇ ಹುಟ್ಟುವುದು. ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಟ್ಟು ಹೊಸ ನಂಬರ್ ಸೇರಿಸಿಕೊಳ್ಳುವುದನ್ನು ಮೊದಲ ವಾರದಲ್ಲೇ ಮುಗಿಸಿ. 14416ಕ್ಕೆ ಮನೆಯ ಯಾವ ಫೋನಾದರೂ ಆಗುತ್ತದೆ.

ಫೋನಿನಿಂದ ಆಗದ್ದು ಯಾವುದು ಎಂಬುದೂ ಸ್ಪಷ್ಟವಿರಲಿ. ಅವರ ಮುಂದೆ ಜೈಲಿನ ಕಡತ ತೆರೆದಿರುವುದಿಲ್ಲ. ಸೂಜಿ ಹಾಕಲಾರರು, ರಕ್ತ ಪರೀಕ್ಷೆ ಮಾಡಲಾರರು. ಹತ್ತಿರದ ಆಸ್ಪತ್ರೆ ಯಾವುದು ಎಂದು ಹೇಳಿಯಾರು, ಅಲ್ಲಿ ಸಾಲಿನಲ್ಲಿ ನಿಲ್ಲುವವರು ನೀವೇ.

ಆ ಚೀಟಿಯ ಕಥೆ

ಜೈಲಿನ ಆಸ್ಪತ್ರೆಯಲ್ಲಿ ಮನಸ್ಸಿನ ಮಾತ್ರೆಗಳನ್ನು ಕೈಗೆ ಪಟ್ಟಿಗಟ್ಟಲೆ ಕೊಡುವ ರೂಢಿ ಇಲ್ಲ. ಕೂಡಿಟ್ಟು ಒಮ್ಮೆಗೇ ನುಂಗಿಬಿಟ್ಟಾರು, ಮಾರಿಯಾರು ಎಂಬ ಭಯ. ಆ ಭಯಕ್ಕೆ ಕಾರಣವೂ ಇದೆ. ಹೊತ್ತು ಹೊತ್ತಿಗೆ ಬಿಡಿ ಮಾತ್ರೆ ಕೈಗೆ ಹಾಕಿ, ಎದುರಿಗೇ ನುಂಗಿಸುತ್ತಾರೆ. ಇದರ ಪರಿಣಾಮ ಹೊರಗೆ ಬಂದ ಮೇಲೆ ಗೊತ್ತಾಗುತ್ತದೆ. ವರ್ಷಗಟ್ಟಲೆ ಮಾತ್ರೆ ತಿಂದವರಿಗೂ ಅದರ ಹೆಸರು ಗೊತ್ತಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಕೇಳಿದರೆ ‘ಬೆಳಿಗ್ಗೆ ಬಿಳಿದು ಒಂದು, ರಾತ್ರಿ ಸಣ್ಣದು ಅರ್ಧ’ ಎಂಬ ಉತ್ತರ. ಬಿಳಿಯ ಸಣ್ಣ ಮಾತ್ರೆಗಳಿಗೆ ಲೆಕ್ಕವುಂಟೇ? ವೈದ್ಯರು ಮತ್ತೆ ಮೊದಲಿನಿಂದ, ಕಡಿಮೆ ಡೋಸಿನಿಂದ ಶುರು ಮಾಡುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡಬೇಕು. ಆ ಮಧ್ಯೆ ಕಾಯಿಲೆ ಮರುಕಳಿಸುತ್ತದೆ.

ಶಿಕ್ಷೆ ಮುಗಿಸಿ ಬರುವವರ ಬಿಡುಗಡೆ ದಿನಾಂಕ ಮೊದಲೇ ಗೊತ್ತಿರುತ್ತದೆ, ತಯಾರಿಗೆ ಸಮಯವಿದೆ. ವಿಚಾರಣಾಧೀನ ಬಂದಿಗಳ ಪಾಡು ಬೇರೆ, ನಮ್ಮ ಜೈಲುಗಳಲ್ಲಿ ಹೆಚ್ಚಿನವರು ಅವರೇ. ಮಧ್ಯಾಹ್ನ ಬೇಲ್ ಆದೇಶ, ಶ್ಯೂರಿಟಿ ಕಾಗದ, ಸಂಜೆ ಹೊತ್ತಿಗೆ ಗೇಟು. ಆ ಗಡಿಬಿಡಿಯಲ್ಲಿ ವೈದ್ಯರ ಕೊಠಡಿಗೆ ಹೋಗಿ ಚೀಟಿ ಬರೆಸಿಕೊಳ್ಳುವುದು ಯಾರ ತಲೆಗೂ ಹೊಳೆಯುವುದಿಲ್ಲ. ಆದ್ದರಿಂದ ಬೇಲ್ ಅರ್ಜಿ ಹಾಕಿದ ವಾರದಲ್ಲೇ, ಸಂದರ್ಶನಕ್ಕೆ ಹೋದಾಗ, ಮಾತ್ರೆಯ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದನ್ನು ಬರೆದುಕೊಡಿ ಎಂದು ಜೈಲಿನ ವೈದ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಕೊಡುವುದು ಸರಿಯಾದ ದಾರಿ. ಕೊನೆಯ ಸೂಜಿ ಹಾಕಿದ ದಿನಾಂಕವನ್ನೂ ಅದರಲ್ಲಿ ಕೇಳಿ, ಎಲ್ಲರೂ ಮರೆಯುವುದು ಇದನ್ನೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಂ ರೋಗಿಗೆ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ, ಅರ್ಜಿಯಲ್ಲಿ ಆ ಕಲಂ ಹೆಸರಿಸಿದರೆ ಸಾಕು. ಒಳಗಿನಿಂದ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಕರೆದೊಯ್ದಿದ್ದರೆ ಆ ಆಸ್ಪತ್ರೆಯ ನೋಂದಣಿ ಸಂಖ್ಯೆ ಒಂದಿದ್ದರೂ ಹಳೆಯ ಕಡತ ಸಿಗುತ್ತದೆ. ಕಾಗದ ಕೊಡದೆ ಸತಾಯಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100. ಜೈಲಿನಲ್ಲಿರುವವರಿಗೆ ಕಾನೂನು ನೆರವು ಉಚಿತ, ಪ್ರಾಧಿಕಾರದ ವಕೀಲರು ಜೈಲಿಗೆ ಬಂದು ಹೋಗುವ ವ್ಯವಸ್ಥೆಯೂ ಇದೆ.

ಮಾತ್ರೆ ಎರಡು ದಿನ ತಪ್ಪಿದರೆ ಏನಾಗುತ್ತದೆ ಎಂಬುದು ಮಾತ್ರೆಯ ಮೇಲೆ ನಿಂತಿದೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸರ್ಟ್ರಾಲಿನ್, ಎಸ್ಸಿಟಲೋಪ್ರಾಂನಂಥ ಖಿನ್ನತೆಯ ಮಾತ್ರೆ ತಟ್ಟನೆ ನಿಂತರೆ ತಲೆ ತಿರುಗು, ಸಿಡಿಮಿಡಿ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ. ಹಿಂಸೆಯೇ, ಆದರೂ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ನಿದ್ದೆಗೋ ಆತಂಕಕ್ಕೋ ಕೊಡುವ ಕ್ಲೊನಾಜೆಪಾಂ, ಲೊರಾಜೆಪಾಂ ಬಹುಕಾಲ ತಿಂದವರಿಗೆ ಅದು ಒಮ್ಮೆಗೇ ನಿಂತರೆ ಫಿಟ್ಸ್ ಬರಬಹುದು, ಇದನ್ನು ವಾರಗಟ್ಟಲೆ ಮೆಲ್ಲಗೆ ಇಳಿಸಬೇಕು. ತೀವ್ರ ಮನೋರೋಗಕ್ಕೆ ಕೊಡುವ ಕ್ಲೊಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸನ್ನು ಹಾಗೇ ನುಂಗುವಂತಿಲ್ಲ, ರಕ್ತದೊತ್ತಡ ಕುಸಿದು ಬಿದ್ದುಬಿಡಬಹುದು. ವೈದ್ಯರು 12.5 ಮಿಲಿಗ್ರಾಂನಿಂದ ಮತ್ತೆ ಏರಿಸುತ್ತಾ ಬರುತ್ತಾರೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಲಿಥಿಯಂ ತಿನ್ನುವವರು ರಕ್ತದಲ್ಲಿ ಅದರ ಮಟ್ಟ ನೋಡಿಸಿಕೊಳ್ಳಬೇಕು, ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ತೆಗೆದ ರಕ್ತವೇ ಸರಿ. ಬಿಸಿಲಲ್ಲಿ ಬೆವರು ಸುರಿಸಿ ಕೂಲಿ ಮಾಡಿ, ಮೈಕೈ ನೋವಿಗೆ ಮೆಡಿಕಲ್ ಶಾಪಿನ ಡೈಕ್ಲೊಫೆನಾಕ್ ನುಂಗಿದರೆ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ಕುಡಿದವರಂತೆ ತೂರಾಡುವುದು ಕಂಡರೆ ಅದೇ ದಿನ ಆಸ್ಪತ್ರೆಗೆ.

ಇನ್ನು ಫ್ಲೂಫೆನಜಿನ್ ಡೆಕನೋಯೇಟ್‌ನಂಥ ಸೂಜಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುತ್ತಾರೆ. ಇದರಲ್ಲಿ ಒಂದು ಮೋಸವಿದೆ. ಸೂಜಿ ತಪ್ಪಿದ ಮರುದಿನ ಏನೂ ಆಗುವುದಿಲ್ಲ, ಮದ್ದು ಮೈಯಲ್ಲಿ ಇನ್ನೂ ಇರುತ್ತದೆ. ‘ನೋಡು, ಸೂಜಿ ಇಲ್ಲದೇ ಆರಾಮಾಗಿದ್ದಾನೆ’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕಿವಿಯಲ್ಲಿ ದನಿ ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ ತಿರುಗಿ ಬರುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ, ಅಷ್ಟರಲ್ಲಿ ಸೂಜಿಗೂ ಇದಕ್ಕೂ ನಂಟು ಹಾಕುವವರು ಯಾರೂ ಇರುವುದಿಲ್ಲ.

ಮಂಗಳವಾರ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ರಾಷ್ಟ್ರೀಯ ಯೋಜನೆ 1996ರಲ್ಲಿ ಬಂದದ್ದು ನಮ್ಮ ಬಳ್ಳಾರಿಯ ಅಚ್ಚಿನಿಂದ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಅಲ್ಲಿಯೇ ಚಿಕಿತ್ಸೆ ಕೊಡಬಹುದು ಎಂಬುದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತ್ತು. ಕರ್ನಾಟಕ ಅದರ ಮೇಲೆ ಮನೋಚೈತನ್ಯವನ್ನು ಸೇರಿಸಿದೆ: ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುತ್ತಾರೆ. ಸರ್ಕಾರಿ ಕಡತದಲ್ಲಿ ಇದಕ್ಕೆ ಸೂಪರ್ ಟ್ಯೂಸ್‌ಡೇ ಎಂಬ ಹೆಸರೂ ಉಂಟು. ಹೆಸರು ಸೂಪರ್ ಮಾರ್ಕೆಟ್ಟಿನ ರಿಯಾಯಿತಿ ಮಾರಾಟದಂತಿದ್ದರೂ ವ್ಯವಸ್ಥೆ ಒಳ್ಳೆಯದು.

ಜೈಲಿನಿಂದ ಬಂದವರಿಗೆ ಇದು ಎರಡು ಕಾರಣಕ್ಕೆ ನಿಮ್ಹಾನ್ಸ್‌ಗಿಂತಲೂ ಮೇಲು. ಒಂದು, ಬೇಲ್ ಷರತ್ತು. ‘ಜಿಲ್ಲೆಯ ಗಡಿ ದಾಟಬಾರದು’ ಎಂಬ ಷರತ್ತಿದ್ದರೆ ಬೆಂಗಳೂರಿಗೆ ಹೋಗಲು ಕೋರ್ಟಿನ ಅನುಮತಿ ಬೇಕು, ತಾಲ್ಲೂಕು ಆಸ್ಪತ್ರೆಗೆ ಆ ಗೋಜಿಲ್ಲ. ಎರಡು, ಅಲ್ಲಿ ಎಲ್ಲ ಕಾಯಿಲೆಯವರೂ ಬರುತ್ತಾರೆ, ಸಾಲಿನಲ್ಲಿ ನಿಂತವನನ್ನು ನೋಡಿ ಜ್ವರಕ್ಕೆ ಬಂದಿದ್ದಾನೋ ಇನ್ನಾವುದಕ್ಕೋ ಎಂದು ಊರಿನವರು ಹೇಳಲಾರರು. ಜೈಲಿಗೆ ಹೋಗಿ ಬಂದವನು ಎಂಬ ಹಣೆಪಟ್ಟಿಯ ಮೇಲೆ ಹುಚ್ಚನೆಂಬ ಇನ್ನೊಂದು ಪಟ್ಟಿ ಬೇಡ ಎನ್ನುವವರಿಗೆ ಇದು ಸಣ್ಣ ವಿಷಯವಲ್ಲ.

ತೊಡಕುಗಳೂ ಇವೆ. ಒಬ್ಬ ಮನೋವೈದ್ಯರಿಗೆ ಹಲವು ತಾಲ್ಲೂಕು ಇರಬಹುದು, ಆದ್ದರಿಂದ ನಿಮ್ಮ ಆಸ್ಪತ್ರೆಗೆ ತಿಂಗಳಿನ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರವೋ ಆಸ್ಪತ್ರೆಯಲ್ಲೋ ಹಿಂದಿನ ದಿನ ಕೇಳಿಕೊಳ್ಳಿ. ಜನಸಂದಣಿಯಿದ್ದ ದಿನ ಒಬ್ಬರಿಗೆ ಕೆಲವೇ ನಿಮಿಷ ಸಿಗುತ್ತದೆ. ಮಾತು ಬೇಕಾದವರು ವೈದ್ಯರ ಮುಂದೆ ಅಳುತ್ತ ಕೂರುವ ಬದಲು, ಜಿಲ್ಲಾ ತಂಡದ ಆಪ್ತಸಮಾಲೋಚಕರೋ ಸಮಾಜ ಕಾರ್ಯಕರ್ತರೋ ಯಾವಾಗ ಸಿಗುತ್ತಾರೆಂದು ವಿಚಾರಿಸುವುದು ಮೇಲು. ಔಷಧಿ ದಾಸ್ತಾನು ಮುಗಿದು ‘ಹೊರಗೆ ತಗೊಳ್ಳಿ’ ಎಂಬ ಮಾತೂ ಬರುತ್ತದೆ. ಆಗ ಬ್ರ್ಯಾಂಡ್ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕೀತು. ಚೀಟಿ ಇಲ್ಲದೆ ಈ ಮಾತ್ರೆಗಳನ್ನು ಕೊಡುವಂತಿಲ್ಲ, ಅಂಗಡಿಯವನೊಡನೆ ಜಗಳ ಬೇಡ.

ಕೋರ್ಟಿನ ವಾಯಿದೆಯೂ ಕ್ಲಿನಿಕ್ಕಿನ ಮಂಗಳವಾರವೂ ಒಂದೇ ದಿನ ಬಿದ್ದರೆ ಹೆಚ್ಚಿನವರು ಕ್ಲಿನಿಕ್ ಬಿಡುತ್ತಾರೆ. ವಾರಂಟ್ ಆದೀತೆಂಬ ಭಯ ಸಹಜ. ಮೊದಲೇ ವಕೀಲರಿಗೆ ಓಪಿಡಿ ಚೀಟಿಯ ನಕಲು ಕೊಟ್ಟಿದ್ದರೆ ಆ ದಿನದ ಖುದ್ದು ಹಾಜರಿಯಿಂದ ವಿನಾಯಿತಿ ಕೇಳಿ ಅರ್ಜಿ ಹಾಕಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 317ನೇ ಕಲಂ ಇದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 355. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಅದಾಗದಿದ್ದರೆ ಮನೆಯವರೊಬ್ಬರು ಹಳೆಯ ಚೀಟಿ ಹಿಡಿದು ಹೋಗಿ, ಮುಂದಿನ ಭೇಟಿಯವರೆಗೆ ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ ನೋಡಬೇಕು.

ಕುಡಿತದ ವಿಷಯಕ್ಕೆ ಬಂದರೆ

ಒಳಗಿದ್ದಷ್ಟು ಕಾಲ ಕುಡಿಯದ ಮೈ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಬಿಡುಗಡೆಯ ರಾತ್ರಿ ಗೆಳೆಯರು ಕೊಡಿಸುವ ಪಾರ್ಟಿಯೇ ಅತಿ ಅಪಾಯದ ಹೊತ್ತು. ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆ, ಹೆರಾಯಿನ್ ಬಳಸುತ್ತಿದ್ದವರಿಗೆ ಇದು ಇನ್ನೂ ಹೆಚ್ಚು, ಹಳೆಯ ಡೋಸೇ ಉಸಿರು ನಿಲ್ಲಿಸಬಲ್ಲದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಿಡುಗಡೆಯಾದ ಕೈದಿಗಳ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನ, ಮೊದಲ ಎರಡು ವಾರಗಳಲ್ಲಿ ಸಾವಿನ ಅಪಾಯ ಉಳಿದ ಜನರಿಗಿಂತ 12.7 ಪಟ್ಟು ಎಂದು ಲೆಕ್ಕ ಹಾಕಿತ್ತು. ಅಲ್ಲಿಯ ಅಂಕಿ ಇಲ್ಲಿಗೆ ಹಾಗೇ ಹೊಂದುವುದಿಲ್ಲ, ಆದರೆ ಮೈಯ ಲೆಕ್ಕ ಎಲ್ಲ ಕಡೆ ಒಂದೇ.

ಮತ್ತೆ ವಾರಗಟ್ಟಲೆ ದಿನಾ ಕುಡಿದು, ಹೆಂಡತಿಯ ಆಣೆಗೆ ಕಟ್ಟುಬಿದ್ದು ಒಂದೇ ದಿನಕ್ಕೆ ನಿಲ್ಲಿಸುವುದೂ ಅಪಾಯವೇ. ಕೊನೆಯ ಕುಡಿತದ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ: ಗೋಡೆಯ ಮೇಲೆ ಹುಳ ಕಾಣುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ಮೈ ಕಾದು ಬೆವರುವುದು. ಇದನ್ನು ದೆವ್ವವೆಂದು ದರ್ಗಾಕ್ಕೋ ದೇವಸ್ಥಾನಕ್ಕೋ ಹೊತ್ತೊಯ್ದು ಅಮೂಲ್ಯ ಗಂಟೆಗಳನ್ನು ಕಳೆಯುವುದುಂಟು. 108 ಕರೆದು ಆಸ್ಪತ್ರೆಗೆ ಸೇರಿಸಿ. ‘ಕುಡುಕರು, ಊಟ ಬಿಟ್ಟಿದ್ದಾರೆ’ ಎಂದು ಮೊದಲೇ ತಿಳಿಸಿ, ಗ್ಲೂಕೋಸ್‌ಗೆ ಮುನ್ನ ಥಯಮಿನ್ (ವಿಟಮಿನ್ ಬಿ1) ಕೊಡಬೇಕಾಗುತ್ತದೆ. ಗೊತ್ತಾಗದಂತೆ ಊಟದಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಯನ್ನು ದಯವಿಟ್ಟು ಮುಟ್ಟಬೇಡಿ. ಅದರಲ್ಲಿ ಡೈಸಲ್ಫಿರಾಂ ಇದ್ದರೆ, ತಿಳಿಯದೆ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದು ಪ್ರಾಣವೇ ಹೋಗಬಹುದು. ವೈದ್ಯರು ಬರೆದರೆ, ಕುಡಿಯುವವನಿಗೆ ಗೊತ್ತಿದ್ದು ಒಪ್ಪಿ ನುಂಗಿದರೆ ಮಾತ್ರ ಅದು ಔಷಧಿ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446, ಹತ್ತಿರದ ವ್ಯಸನಮುಕ್ತಿ ಕೇಂದ್ರ ಯಾವುದು ಎಂಬುದಕ್ಕೆ ಅದೇ ನೇರ ದಾರಿ.

ಪೊಲೀಸರಿಗೆ ಹೇಳಿಬಿಟ್ಟರೆ?

14416ಕ್ಕೆ ಕರೆ ಮಾಡಲು ಹಿಂಜರಿಯುವವರ ಮೊದಲ ಪ್ರಶ್ನೆ ಇದು. ಆಪ್ತಸಮಾಲೋಚಕರಿಗೆ ಬೇಕಿರುವುದು ನಿಮ್ಮ ನಿದ್ದೆ, ಊಟ, ಭಯ, ಯೋಚನೆ. ಕೇಸಿನ ನಂಬರ್ ಬೇಕಿಲ್ಲ, ಆ ದಿನ ಏನಾಯಿತು ಎಂಬ ವಿವರ ಬೇಕಿಲ್ಲ. ಹೇಳದಿರುವುದೇ ಒಳ್ಳೆಯದು, ಅದು ನಿಮ್ಮ ವಕೀಲರಿಗೆ ಹೇಳುವ ಮಾತು. 2017ರ ಕಾಯ್ದೆಯ 23ನೇ ಕಲಂ ಪ್ರಕಾರ ಚಿಕಿತ್ಸೆಯ ಮಾಹಿತಿ ಗೋಪ್ಯ. ವಿನಾಯಿತಿಗಳಿವೆ, ಅವುಗಳನ್ನು ಮುಚ್ಚಿಡಬಾರದು: ಇನ್ನೊಬ್ಬರಿಗೆ ಹಾನಿಯಾಗುವ ಅಥವಾ ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ ಅಗತ್ಯವಿದ್ದಷ್ಟು ಮಾಹಿತಿ ಹೊರಗೆ ಹೋಗಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಯಾರೇ ಆಗಲಿ ವರದಿ ಮಾಡಲೇಬೇಕೆನ್ನುತ್ತದೆ.

ಇನ್ನೊಂದು ಭಯ ಮನೆಯವರದು. ವಿಷ ಕುಡಿದವನನ್ನು ಆಸ್ಪತ್ರೆಗೆ ಒಯ್ದರೆ ಹೊಸ ಕೇಸಾಗಿ ಬೇಲ್ ರದ್ದಾದೀತು ಎಂದು ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂರುವುದು. ಉಪ್ಪುನೀರೇ ಅಪಾಯ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಎಂದು ಬರೆದು ಪೊಲೀಸರಿಗೆ ತಿಳಿಸುವುದು ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಬೇರೆ ರೀತಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅದಕ್ಕಾಗಿ ವಿಚಾರಣೆ, ಶಿಕ್ಷೆ ಕೂಡದು ಎನ್ನುತ್ತದೆ. ವಿಷದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಮನೆಯಲ್ಲಿ

ಯಾವುದು ಕಾಯಿಲೆ, ಯಾವುದು ಜೈಲಿನ ರೂಢಿ ಎಂಬುದನ್ನು ಬೇರ್ಪಡಿಸಿಕೊಂಡರೆ ಅನಗತ್ಯ ಗಾಬರಿ ಕಡಿಮೆಯಾಗುತ್ತದೆ. ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ, ಹಾಗಾಗಿ ಕತ್ತಲೆಯಲ್ಲಿ ನಿದ್ದೆ ಬಾರದು. ಬೆಳಗಿನ ತಲೆ ಎಣಿಕೆಯ ಹೊತ್ತಿಗೆ ಎದ್ದು ಕೂತಿರುತ್ತಾರೆ. ತೆರೆದ ಬಾಗಿಲ ಮುಂದೆಯೂ ಒಂದು ಕ್ಷಣ ನಿಲ್ಲುತ್ತಾರೆ, ಬಚ್ಚಲಿಗೆ ಹೋಗಲೂ ಕೇಳುತ್ತಾರೆ, ತಟ್ಟೆಗೆ ಅಡ್ಡಲಾಗಿ ತೋಳಿಟ್ಟು ಗಬಗಬನೆ ಉಣ್ಣುತ್ತಾರೆ, ಸಂತೆಯಲ್ಲಿ ಬೆನ್ನ ಹಿಂದೆ ಯಾರಾದರೂ ನಿಂತರೆ ಸಿಡುಕುತ್ತಾರೆ. ಇವು ವಾರ, ತಿಂಗಳುಗಳಲ್ಲಿ ಸಡಿಲವಾಗುತ್ತವೆ. ಮಲಗುವ ಕೋಣೆಯಲ್ಲಿ ಸಣ್ಣ ಬಲ್ಬ್ ಹಾಕಿಡಿ, ಮಲಗಿದ್ದವರನ್ನು ಮುಟ್ಟಿ ಎಬ್ಬಿಸದೆ ಹೆಸರು ಹಿಡಿದು ಕರೆಯಿರಿ, ನೋಡಲು ಬರುವ ನೆಂಟರ ಸಂತೆಯನ್ನು ಮೊದಲ ವಾರ ತಡೆಯಿರಿ.

ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಬಿಡುವುದು, ‘ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು’ ಎಂಬ ಮಾತು, ಮೂರು ರಾತ್ರಿ ನಿದ್ದೆಯಿಲ್ಲದೆಯೂ ದಣಿಯದ ಅಬ್ಬರ, ಇಲ್ಲದ ದನಿಗಳಿಗೆ ಉತ್ತರ ಕೊಡುವುದು ರೂಢಿಯ ಲೆಕ್ಕಕ್ಕೆ ಬರುವುದಿಲ್ಲ. ಸಾಯುವ ಮಾತಿಗೆ ಎರಡು ವಾರ ಕಾಯುವ ನಿಯಮವೂ ಇಲ್ಲ. ಅಂದೇ 14416, ಮನೆಯಲ್ಲಿರುವ ಕೀಟನಾಶಕ ಬೇರೆ ಮನೆಗೆ, ಮಾತ್ರೆ ಡಬ್ಬಿ ಇನ್ನೊಬ್ಬರ ಸುಪರ್ದಿಗೆ. ಕೈಮೀರಿದ್ದರೆ 112, ಬೆಂಗಳೂರಿನ ಸುತ್ತಮುತ್ತ ಇದ್ದರೆ ಹಗಲು ರಾತ್ರಿ ತೆರೆದಿರುವ ನಿಮ್ಹಾನ್ಸ್ ತುರ್ತು ವಿಭಾಗ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಇಡೀ ವ್ಯವಸ್ಥೆ ಸೋಲುವುದು ಇನ್ನೊಂದು ಕಡೆ: ಹಿಂತಿರುಗಲು ಮನೆಯೇ ಇರುವುದಿಲ್ಲ. ಗಂಡನ ಮನೆ ಬಾಗಿಲು ಹಾಕಿದೆ, ತವರಿನಲ್ಲಿ ತಂಗಿಯ ಮದುವೆಯ ಚಿಂತೆ, ಮಕ್ಕಳು ಬಾಲಮಂದಿರದಲ್ಲೋ ನೆಂಟರ ಮನೆಯಲ್ಲೋ. ಫೋನಿನ ಸಾಂತ್ವನದಿಂದ ತಲೆಯ ಮೇಲೆ ಸೂರು ಬರುವುದಿಲ್ಲ. ಮಹಿಳಾ ಸಹಾಯವಾಣಿ 181, ತೊಂದರೆಯಲ್ಲಿರುವ ಹೆಣ್ಣುಮಕ್ಕಳಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಾಂತ್ವನ ಕೇಂದ್ರಗಳನ್ನು ಬಿಡುಗಡೆಗೆ ಮೊದಲೇ ಸಂಪರ್ಕಿಸುವುದು ವಾಸಿ. ವ್ಯಾಲ್‌ಪ್ರೊಯೇಟ್ ಮಾತ್ರೆ ನಡೆಯುತ್ತಿದ್ದರೆ, ಗರ್ಭ ನಿಲ್ಲುವ ಸಾಧ್ಯತೆ ಇರುವ ವಯಸ್ಸಿನವರು ಅದನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಲೇಬೇಕು, ಹುಟ್ಟುವ ಮಗುವಿಗೆ ತೊಂದರೆಯಾಗುವ ಮಾತ್ರೆ ಅದು. ಹಾಗೆಂದು ತಾವಾಗಿಯೇ ನಿಲ್ಲಿಸುವಂತಿಲ್ಲ.

ಕಾಯಿಲೆ ಹಿಡಿತಕ್ಕೆ ಬಂದ ಮೇಲೂ ದಿನ ಹೇಗೆ ಕಳೆಯುವುದು ಎಂಬ ಪ್ರಶ್ನೆ ಉಳಿಯುತ್ತದೆ. ಕೇಸ್ ಬಾಕಿಯಿದ್ದವರನ್ನು ಕೆಲಸಕ್ಕೆ ಕರೆಯುವವರು ಕಡಿಮೆ. ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ಹಗಲಿನ ಆರೈಕೆ, ಕೈಕಸುಬಿನ ತರಬೇತಿಗೆಂದು ರಾಜ್ಯದಲ್ಲಿ ಮಾನಸಧಾರಾ ಕೇಂದ್ರಗಳಿವೆ, ನಿಮ್ಮ ಜಿಲ್ಲೆಯದು ಎಲ್ಲಿದೆ, ಜಾಗ ಇದೆಯೇ ಎಂಬುದನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಕೇಳಬೇಕು. ಹೋಗುವಾಗ ಆಧಾರ್, ಓಪಿಡಿ ಚೀಟಿ, ಕಾಯಿಲೆಯ ಹೆಸರಿರುವ ವೈದ್ಯರ ಪತ್ರ ಮೂರರ ನಕಲನ್ನೂ ಒಯ್ಯಿರಿ. ಬೇಲ್ ಆದೇಶದ ಪ್ರತಿ ಅಲ್ಲಿ ಬೇಕಿಲ್ಲ, ಅದನ್ನು ಮನೆಯಲ್ಲೇ ಬಿಡಿ.